ದಾವಣಗೆರೆಯಲ್ಲಿ ನೋಡೋಕೆ ಏನೂ ಇಲ್ವಾ? ಬೆಳಗ್ಗೆ ಪೇಟೆಗೆ ಬನ್ನಿ!

ನಮಸ್ಕಾರ ಎಲ್ಲರಿಗೂ. ಇವತ್ತು ಒಂದು ಕಾಮೆಂಟಿಗೆ ಉತ್ತರ ಕೊಡಲೇಬೇಕು. ಹೋದ ವಾರ ದಾವಣಗೆರೆ ಮಾರ್ಕೆಟ್ಟಿನ ವಿಡಿಯೊ ಹಾಕಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: 'ದಾವಣಗೆರೇಲಿ ನೋಡೋಕೆ ಏನಿದೆ? ಬೆಣ್ಣೆ ದೋಸೆ ತಿನ್ನಿ, ಚಿತ್ರದುರ್ಗದ ಬಸ್ ಹತ್ತಿ. ತರಕಾರಿ ಮಾರೋದನ್ನ ಯಾರಾದ್ರೂ ವಿಡಿಯೊ ಮಾಡ್ತಾರಾ?' ಅದಕ್ಕೆ ಲೈಕು ಬೇರೆ!

ಮಾಡುತ್ತಾರೆ ಸ್ವಾಮಿ. ನಾನು ಮಾಡುತ್ತೇನೆ. ಇನ್ನೂ ಮಾಡುತ್ತೇನೆ.

ನಾನು ಹೇಳುವುದು ಇಷ್ಟೇ. ದಾವಣಗೆರೆಗೆ ಪೇಟೆಯೇ ಕೋಟೆ. ಚಿತ್ರದುರ್ಗಕ್ಕೆ ಹೋದವರು ಏಳು ಸುತ್ತಿನ ಕೋಟೆ ನೋಡದೆ ಬರುತ್ತಾರಾ? ಹಾಗಿದ್ದಮೇಲೆ ದಾವಣಗೆರೆಗೆ ಬಂದವರು ಪೇಟೆ ನೋಡದೆ ಹೇಗೆ ಹೋಗುತ್ತಾರೆ?

ಅಭಿಮಾನಕ್ಕೆ ಸುಮ್ನೆ ಹೇಳುತ್ತಿಲ್ಲ. ಈ ಊರು ಮೊದಲು ಬೇತೂರಿನ ಮಗ್ಗುಲಲ್ಲಿದ್ದ ಸಣ್ಣ ಹಳ್ಳಿ. ಹೈದರಾಲಿ ಇದನ್ನು ಒಬ್ಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ. ಆ ಸರದಾರ ವ್ಯಾಪಾರಿಗಳನ್ನು ಕರೆದು ಇಲ್ಲಿ ನೆಲೆ ನಿಲ್ಲಿಸಿದ. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ಊರೂರು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕನನ್ ಈ ಕಡೆ ಬಂದಾಗ ಇಲ್ಲಿನ ಕಂಬಳಿಗಳ ಬಗ್ಗೆ ಬರೆದುಕೊಂಡಿದ್ದಾನೆ. ಮಲೆನಾಡಿನ ಅಡಿಕೆ, ಮೆಣಸು ಇದೇ ದಾರಿ ಹಿಡಿದು ಪೂರ್ವಕ್ಕೆ ಹೋಗುತ್ತಿದ್ದವು. ಹತ್ತಿ ಮಿಲ್ಲು, ಬೆಣ್ಣೆ ದೋಸೆ ಇವೆಲ್ಲ ಹೆಸರು ಮಾಡಿದ್ದು 20ನೇ ಶತಮಾನದಲ್ಲಿ. ವ್ಯಾಪಾರ ಮೊದಲು ಬಂತು, ಊರು ಅದರ ಹಿಂದೆ ಬೆಳೆಯಿತು. ಮಂಡಿಪೇಟೆ, ಚೌಕಿಪೇಟೆ ಕಡೆ ಒಮ್ಮೆ ನಡೆದು ನೋಡಿ, ನಿಮಗೇ ಗೊತ್ತಾಗುತ್ತದೆ.

ಇಂಥ ವಿಷಯ ಬೇಕು ಅನ್ನುವವರು ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಬೇಡ ಅನ್ನುವವರೂ ಮಾಡಿ, ಆಮೇಲೆ ಜಗಳ ಆಡೋಣ.

ದಾವಣಗೆರೆಗೆ ಹೋದರೆ ನಾನು ಉಳಿಯುವುದು ದೊಡ್ಡಮ್ಮನ ಮನೆಯಲ್ಲಿ. ಅಲ್ಲಿ ಬೆಳಗ್ಗೆ ಲೇಟಾಗಿ ಏಳುವ ಮಾತೇ ಇಲ್ಲ. 'ಏಳಪ್ಪ, ಬಿಸಿಲು ಏರಿದ್ಮೇಲೆ ಸೊಪ್ಪು ಬಾಡ್ತತಿ' ಅಂತ ಚೀಲ ಕೈಗೆ ಕೊಡುತ್ತಾರೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಅವರು ಬದನೆಕಾಯಿ ಆರಿಸುವುದನ್ನು ನೀವು ನೋಡಬೇಕು. ಕಾಯಿ ನೋಡುವುದೇ ಇಲ್ಲ, ತೊಟ್ಟು ನೋಡುತ್ತಾರೆ. ತೊಟ್ಟು ಹಸಿರಾಗಿರಬೇಕು, ಮುಳ್ಳು ಬೆರಳಿಗೆ ಚುಚ್ಚಬೇಕು. ಆಗ ಅದು ಎಣ್ಣೆಗಾಯಿಗೆ ಆಗುತ್ತದೆ.

ಮೆಕ್ಕೆಜೋಳದ ಸುಗ್ಗಿಯಲ್ಲಾದರೆ ದೊಡ್ಡಪ್ಪನ ಜೊತೆ ಎಪಿಎಂಸಿ ಯಾರ್ಡಿಗೆ, ಅಂದರೆ ರೈತರ ಮಾಲು ಹರಾಜಾಗುವ ಮಾರುಕಟ್ಟೆಗೆ ಹೋಗುತ್ತೇನೆ. ಹಳದಿ ರಾಶಿ, ಧೂಳು, ಬೆನ್ನ ಮೇಲೆ ಚೀಲ ಹೊತ್ತ ಹಮಾಲರು. ಕೊಳ್ಳುವವನು ರಾಶಿಗೆ ಕೈ ಹಾಕಿ, ಒಂದು ಕಾಳು ಕಡಿದು, ತೇವ ಎಷ್ಟಿದೆ ಅಂತ ಅಂದಾಜು ಹೇಳುತ್ತಾನೆ. ತೇವಾಂಶ ನೂರಕ್ಕೆ 14 ದಾಟಿದರೆ ರೈತನ ದರಕ್ಕೆ ಪೆಟ್ಟು. ಅದಕ್ಕೇ ದೊಡ್ಡಪ್ಪ ಮೋಡ ಕಂಡರೆ ನಿದ್ದೆ ಮಾಡುವುದಿಲ್ಲ. ಹಿಂದೆ ದಲ್ಲಾಳಿಯೂ ಕೊಳ್ಳುವವನೂ ಟವಲ್ಲಿನ ಕೆಳಗೆ ಬೆರಳು ಹಿಡಿದು ದರ ಮುಗಿಸುತ್ತಿದ್ದರಂತೆ. ಮಾಲು ರೈತನದು, ದರ ಮಾತ್ರ ಅವನಿಗೇ ಕಾಣುವುದಿಲ್ಲ! 1966ರ ಎಪಿಎಂಸಿ ಕಾಯ್ದೆ ಬಂದದ್ದು ಎಲ್ಲರ ಎದುರಿಗೇ ಹರಾಜು ಆಗಲಿ, ತೂಕ ಸರಿಯಾಗಿರಲಿ ಅಂತ. ಇಷ್ಟು ದೊಡ್ಡ ಕಥೆ ಆ ಯಾರ್ಡಿನ ಒಳಗಿದೆ. ಕೋಟೆ ಅಂದರೆ ಇದು ಕೋಟೆ ಅಲ್ವಾ?

'ಗಲೀಜು' ಅನ್ನುತ್ತಾರೆ. ಮಣ್ಣು ಮೆತ್ತದ ಗೆಡ್ಡೆ ಯಾವ ಹೊಲದಲ್ಲಿ ಬೆಳೆಯುತ್ತದೆ? ನನಗೂ ತೋರಿಸಿ. 'ಪಾರ್ಕಿಂಗ್ ಇಲ್ಲ' ಅನ್ನುತ್ತಾರೆ. ನಡೆಯಿರಿ! 'ಆ್ಯಪಲ್ಲಿ ಹತ್ತು ನಿಮಿಷಕ್ಕೆ ಬರುತ್ತೆ' ಅನ್ನುತ್ತಾರೆ. ಬರಲಿ, ತರಿಸಿಕೊಳ್ಳಿ. 'ನಾಳೆ ಬರಬ್ಯಾಡ ತಂಗಿ, ಮಳೆ ಬಂದರೆ ಸೊಪ್ಪು ಕೀಳಲ್ಲ' ಅಂತ ಸೊಪ್ಪು ಮಾರುವ ಅಜ್ಜಿ ಹೇಳುವ ಹಾಗೆ ಆ್ಯಪು ಹೇಳುತ್ತದಾ? ಬ್ಯಾಂಕಾಕಿಗೆ ಹೋದರೆ ದೋಣಿಯಲ್ಲಿ ಹಣ್ಣು ಮಾರುವವರ ಮುಂದೆ ಸೆಲ್ಫಿ ಬೇಕು. ಅದು ಪ್ರವಾಸ. ನಮ್ಮ ಅಜ್ಜಿ ನೆಲದ ಮೇಲೆ ಕೂತು ಮೆಂತ್ಯೆ ಸೊಪ್ಪು ಮಾರಿದರೆ ಅದು ಗಲೀಜು. ಯಾವ ನ್ಯಾಯ ರೀ ಇದು?

ಸಿಟ್ಟು ಜಾಸ್ತಿ ಆಯ್ತು ಅಂತ ಎಡಿಟ್ ಮಾಡುವ ಹುಡುಗ ಕೈ ತೋರಿಸುತ್ತಿದ್ದಾನೆ. ಇದನ್ನು ಕತ್ತರಿಸಬೇಡಪ್ಪ, ಹಾಗೇ ಇರಲಿ.

ಮನೆಗೆ ನೆಂಟರು ಬಂದರೆ ಮಾಲ್ ತೋರಿಸಬೇಡಿ. ಮಾಲ್ ಅವರ ಊರಲ್ಲೂ ಇದೆ. ಬೆಣ್ಣೆ ದೋಸೆ ತಿನ್ನಿಸಿ, ನಾನೇನು ಬೇಡ ಅಂದೆನಾ? ಆದರೆ ಮೊದಲು ಪೇಟೆ, ಆಮೇಲೆ ದೋಸೆ. ಪೇಟೆಯೇ ಕೋಟೆ. ಇನ್ನೊಂದು ಸಲ ಹೇಳುತ್ತೇನೆ, ಪೇಟೆಯೇ ಕೋಟೆ! ಒಪ್ಪದಿದ್ದರೆ ಇನ್ನೊಂದು ಕಾಮೆಂಟ್ ಹಾಕಿ, ಇನ್ನೊಂದು ವಿಡಿಯೊ ಮಾಡುತ್ತೇನೆ.

ನಿಮ್ಮೂರ ಸಂತೆ ಯಾವ ವಾರ, ಅಲ್ಲಿ ಏನು ಚೆನ್ನಾಗಿ ಸಿಗುತ್ತದೆ, ಕೆಳಗೆ ಬರೆಯಿರಿ. ಮುಂದಿನ ವಿಡಿಯೊಗೆ ಚಳ್ಳಕೆರೆಯ ಶೇಂಗಾ ಮಾರುಕಟ್ಟೆಗೆ ಹೋಗುತ್ತಿದ್ದೇನೆ. ಅಲ್ಲಿ ಯಾರಾದರೂ ನೆಂಟರ ಮನೆ ಇದ್ದರೆ ಹೇಳಿ, ಹಿಂದಿನ ರಾತ್ರಿಯೇ ಬಂದು ಉಳಿದುಕೊಳ್ಳುತ್ತೇನೆ.