ಹರಳಾಗಿ ಕುಳಿತ ರೋಗ

ಕೇಳುಗರಿಗೆ ನಮಸ್ಕಾರ.

ಹೊಗೆಸೊಪ್ಪಿನ ಎಲೆಯಲ್ಲಿ ತಿಳಿಹಸಿರು, ಕಡುಹಸಿರು ಮಚ್ಚೆಗಳು ಬೆರೆತು, ಎಲೆ ಸುಕ್ಕುಗಟ್ಟುವ ಮೊಸಾಯಿಕ್ ರೋಗವನ್ನು ನಮ್ಮ ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. ಸಿಗರೇಟು ಹಿಡಿದ ಕೈಯಿಂದ ಟೊಮೆಟೊ ಸಸಿಗೂ ದಾಟಬಲ್ಲ ಗಟ್ಟಿ ಪಿಂಡ ಅದರ ವೈರಸ್.

1892ರಲ್ಲಿ ರಷ್ಯಾದ ಇವನೋವ್‌ಸ್ಕಿ ರೋಗ ಹಿಡಿದ ಎಲೆಯ ರಸವನ್ನು ಪಿಂಗಾಣಿಯ ಸೋಸುಕದಲ್ಲಿ ಹಾಯಿಸಿದರು. ಬ್ಯಾಕ್ಟೀರಿಯಾಗಳೆಲ್ಲ ಮೇಲೆಯೇ ಉಳಿದವು. ಕೆಳಗಿಳಿದ ರಸ ಮಾತ್ರ ರೋಗ ತರುತ್ತಲೇ ಇತ್ತು. ಆ ರಸದಲ್ಲಿದ್ದದ್ದನ್ನು ಬೇರ್ಪಡಿಸಿ ಕೈಗೆ ಕೊಡಲು 1935ರವರೆಗೆ ಯಾರಿಗೂ ಆಗಲಿಲ್ಲ.

ಆಗಿಸಿದವರು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿದ್ದ ರಾಕ್‌ಫೆಲರ್ ಸಂಸ್ಥೆಯ ರಸಾಯನಶಾಸ್ತ್ರಜ್ಞ ವೆಂಡೆಲ್ ಸ್ಟ್ಯಾನ್ಲಿ. ರಾಶಿ ರಾಶಿ ರೋಗಪೀಡಿತ ಗಿಡಗಳನ್ನು ಹೆಪ್ಪುಗಟ್ಟಿಸಿ, ಅರೆದು, ರಸ ಹಿಂಡಿ, ಅಮೋನಿಯಂ ಸಲ್ಫೇಟ್ ಬೆರೆಸಿ ಪ್ರೋಟೀನನ್ನು ಗಸಿಯಾಗಿ ಇಳಿಸಿದರು. ಆದರೆ ವೈರಸ್ ಇರುವುದು ಗಸಿಯಲ್ಲೋ ಮೇಲಿನ ತಿಳಿಯಲ್ಲೋ? ಅದನ್ನು ಹೇಳುತ್ತಿದ್ದುದು ಹೊಗೆಸೊಪ್ಪಿನದೇ ಕಾಡು ಜಾತಿಯೊಂದರ ಎಲೆ. ಎಲೆಯ ನಡುನರದ ಎಡಕ್ಕೆ ಒಂದು ದ್ರಾವಣ, ಬಲಕ್ಕೆ ಇನ್ನೊಂದು ಸವರಿದರೆ ಎರಡು ಮೂರು ದಿನದಲ್ಲಿ ಸತ್ತ ಚುಕ್ಕೆಗಳು ಏಳುತ್ತವೆ. ಎಣಿಸಿದರಾಯಿತು: ಚುಕ್ಕೆ ಹೆಚ್ಚಿದ್ದ ಕಡೆ ವೈರಸ್ ಹೆಚ್ಚು. ಯಾವ ದುಬಾರಿ ಉಪಕರಣಕ್ಕೂ ಕಡಿಮೆಯಿಲ್ಲದ ಸಾಕ್ಷಿ ಎಂದು ನಾನಂತೂ ಇದಕ್ಕೆ ತಲೆಬಾಗುತ್ತೇನೆ.

ಕೊನೆಗೆ ಸಿಕ್ಕಿದ್ದು ಸೂಜಿಯಂಥ ಬಿಳಿಯ ಹರಳು. ಹತ್ತು ಸಲ ಕರಗಿಸಿ ಮತ್ತೆ ಹರಳುಗಟ್ಟಿಸಿದರೂ ಅದರ ರೋಗಶಕ್ತಿ ಕುಂದಲಿಲ್ಲ. ಉಪ್ಪಿನಂತೆ ಹರಳಾಗುವುದು ಜೀವವೇ, ಬರೀ ರಾಸಾಯನಿಕವೇ ಎಂದು ಪಂಡಿತರು ತಲೆ ಕೆಡಿಸಿಕೊಂಡರು. ಸ್ಟ್ಯಾನ್ಲಿಯವರು ಮಾತ್ರ ಇದು ಪ್ರೋಟೀನು ಎಂದು ಬರೆದುಬಿಟ್ಟರು.

ಮರುವರ್ಷವೇ ಇಂಗ್ಲೆಂಡಿನ ಬಾಡೆನ್ ಮತ್ತು ಪಿರೀ ತಕರಾರು ತೆಗೆದರು. ಎಷ್ಟು ಶುದ್ಧಗೊಳಿಸಿದರೂ ಅದರಲ್ಲಿ ರಂಜಕ ಉಳಿಯುತ್ತಿತ್ತು. ಆ ರಂಜಕ ಬಂದದ್ದು ಪ್ರೋಟೀನಿನಿಂದಲ್ಲ, ಡಿಎನ್‌ಎಯಂತೆಯೇ ವಂಶವಾಹಿ ಸೂಚನೆ ಹೊರಬಲ್ಲ ಆರ್‌ಎನ್‌ಎ ಎಂಬ ಅಣುವಿನಿಂದ. ತೂಕದಲ್ಲಿ ಈ ಆರ್‌ಎನ್‌ಎ ನೂರಕ್ಕೆ ಆರು ಭಾಗದಷ್ಟೂ ಇಲ್ಲ, ಉಳಿದದ್ದೆಲ್ಲ ಪ್ರೋಟೀನು. 1946ರ ನೊಬೆಲ್‌ನಲ್ಲಿ ಸ್ಟ್ಯಾನ್ಲಿಯವರಿಗೆ ಪಾಲು ಸಿಕ್ಕಿತು, ಈ ಇಬ್ಬರಿಗೆ ಸಿಗಲಿಲ್ಲ. ಅದು ನನಗೆ ಇಂದಿಗೂ ಸರಿಕಾಣದು.

1956ರಲ್ಲಿ ಜರ್ಮನಿಯ ಗೀರೆರ್ ಮತ್ತು ಶ್ರಾಮ್ ವೈರಸ್ಸಿನ ಪ್ರೋಟೀನನ್ನು ಫೀನಾಲ್‌ನಿಂದ ಕಳಚಿ, ಆ ಅಲ್ಪ ಪಾಲಿನ ಆರ್‌ಎನ್‌ಎಯನ್ನಷ್ಟೇ ಎಲೆಗೆ ಸವರಿದರು. ಕವಚವಿಲ್ಲದ ಆರ್‌ಎನ್‌ಎ ಬೇಗ ಹಾಳಾಗುವುದರಿಂದ ಚುಕ್ಕೆಗಳು ವಿರಳವಾಗಿದ್ದವು. ಆದರೂ ಎದ್ದವು: ರೋಗ ತರುವುದು ಪ್ರೋಟೀನಲ್ಲ, ಆ ಆರ್‌ಎನ್‌ಎ.

ನಮಸ್ಕಾರ.