ಓನರ್ ಜೊತೆ ಬಣ್ಣದ ಮಾತು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಲ್ಲಿ ಬಾಡಿಗೆ ಮನೆ ಖಾಲಿ ಮಾಡಿದವರಿಗೆಲ್ಲ ಒಂದು ಲೆಕ್ಕ ಗೊತ್ತಿರುತ್ತೆ. ಅಡ್ವಾನ್ಸ್ ವಾಪಸ್ ಕೊಡುವಾಗ ಓನರ್ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ತಾರೆ, ಪೇಂಟಿಂಗ್‌ಗೆ ಅಂತ. ಗೋಡೆ ಹೊಸದರ ಹಾಗಿದ್ದರೂ ಅಷ್ಟೇ. ಈ ಲೆಕ್ಕವೇ ಒಮ್ಮೆ ನನ್ನ ಕೈ ಹಿಡಿಯಿತು.

ನನ್ನ ಮಗನಿಗೆ ವೀಜಿಂಗ್ ಇದೆ. ಹಿಂದಿನ ಮನೆಯಲ್ಲಿ ಬಾಗಿಲಿಗೆ ಆಯಿಲ್ ಪೇಂಟ್ ಹೊಡೆಸಿದಾಗ ವಾರವಿಡೀ ಕೆಮ್ಮಿದ. ಬಣ್ಣ ಒಣಗುವಾಗ ಅದರಲ್ಲಿರುವ ರಾಸಾಯನಿಕಗಳು ಆವಿಯಾಗಿ ಗಾಳಿಗೆ ಸೇರುತ್ತವೆ. ಇವನ್ನೇ ವಿಒಸಿ ಅಂತಾರೆ. ಥಿನ್ನರ್ ಬೆರೆಸಿದ ಬಣ್ಣದಲ್ಲಿ ಇದು ಜಾಸ್ತಿ. ನೀರು ಬೆರೆಸುವ ಎಮಲ್ಷನ್‌ನಲ್ಲಿ ಕಡಿಮೆ, ಲೋ ವಿಒಸಿ ಅಂತ ಬರೆದಿರುವುದರಲ್ಲಿ ಇನ್ನೂ ಕಡಿಮೆ. ವಾಸನೆ ಇಲ್ಲ ಅನ್ನುವ ಜಾಹೀರಾತನ್ನಷ್ಟೇ ನಂಬಬೇಡಿ. ಲೀಟರಿಗೆ ಎಷ್ಟು ಗ್ರಾಂ ವಿಒಸಿ ಅಂತ ಕೇಳಿ.

ಹೊಸ ಮನೆಗೆ ಲೋ ವಿಒಸಿ ಬಣ್ಣವೇ ಹೊಡೆಸಿ ಅಂತ ಓನರ್‌ಗೆ ಹೇಳೋಕೆ ನಾನು ಮೊದಲು ಪರಿಸರ, ಆರೋಗ್ಯ ಅಂತೆಲ್ಲ ಶುರು ಮಾಡಿದೆ. ಅವರು ಕಾಫಿ ಲೋಟ ಕೆಳಗಿಟ್ಟು, "ಅದೆಲ್ಲಾ ಸರಿ ಕಣಮ್ಮ, ಡಬ್ಬಕ್ಕೆ ಎಷ್ಟು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ಎದ್ದು ಬಂದೆ.

ಮಾರನೇ ದಿನ ಪೇಂಟರ್ ಕೈಲಿ ಎರಡು ಎಸ್ಟಿಮೇಟ್ ಬರೆಸಿಕೊಂಡು ಹೋದೆ, ಮಾಮೂಲಿ ಬಣ್ಣಕ್ಕೊಂದು, ಲೋ ವಿಒಸಿಗೊಂದು. ಕೂಲಿ ಎರಡರಲ್ಲೂ ಒಂದೇ. ಪುಟ್ಟಿಯೂ ಅಷ್ಟೇ. ವ್ಯತ್ಯಾಸ ಇದ್ದಿದ್ದು ಬಣ್ಣದ ಡಬ್ಬದಲ್ಲಿ ಮಾತ್ರ, 4,000 ರೂಪಾಯಿ. "ಸಾರ್, ಹೋದವರ ಹತ್ತಿರ ಪೇಂಟಿಂಗ್‌ಗೆ ಅಂತ 18,000 ಹಿಡಿದಿದ್ದೀರಲ್ವಾ? ಅದು ಈ ಗೋಡೆಯ ದುಡ್ಡೇ ತಾನೆ?" ಅಂದೆ. ಅವರು ನಕ್ಕರು. ಬಾಡಿಗೆಯವರು ಈ ಲೆಕ್ಕ ತೆಗೆಯೋದು ಅವರಿಗೂ ಹೊಸದು ಅನಿಸುತ್ತೆ.

ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಗೋಡೆಗೆ ಸುಣ್ಣಬಣ್ಣ ಮಾಡಿಸೋದು ಮಾಲೀಕರ ಪಾಲಿನ ಕೆಲಸಗಳ ಪಟ್ಟಿಯಲ್ಲೇ ಇದೆ. ಅದು ರಾಜ್ಯಗಳಿಗೆ ಕೊಟ್ಟ ಒಂದು ಮಾದರಿ ಅಷ್ಟೇ. ನಾನಂತೂ ಕಾನೂನು ಎತ್ತಲಿಲ್ಲ. ಎತ್ತಿದ್ದರೆ ಮನೆ ಬೇರೆಯವರಿಗೆ ಹೋಗ್ತಿತ್ತು!

ಸುಣ್ಣ ಹೊಡೆಸೋಣ್ವಾ ಅಂತಲೂ ಕೇಳಿದ್ದೆ. ಹಳೇ ಎಮಲ್ಷನ್ ಮೇಲೆ ಸುಣ್ಣ ಕೂರಲ್ಲ, ಒರಗಿದರೆ ಬೆನ್ನೆಲ್ಲ ಬಿಳಿ ಅಂದ ಪೇಂಟರ್. ಖಾದಿಯವರು ಸಗಣಿಯಿಂದ ಮಾಡಿದ ಬಣ್ಣ 2021ರಿಂದ ಮಾರಾಟಕ್ಕಿದೆ. ಅದರ ಹೆಸರು ಕೇಳುತ್ತಲೇ ಓನರ್ ಮುಖ ಸಿಂಡರಿಸಿದರು.

ಕಿಟಕಿಗಳದ್ದು ಬೇರೆ ಕಥೆ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ದಾಟಬಾರದು ಅನ್ನುವ ನಿಯಮ ಬಂದಿದ್ದು 2017ರ ನವೆಂಬರ್‌ನಲ್ಲಿ. ಆ ಕಿಟಕಿಗಳ ಬಣ್ಣ ಅದಕ್ಕಿಂತ ಹಳೇದು. ಒಣಗಿದ ಹಾಗೇ ಉಜ್ಜಿದರೆ, ಅದರಲ್ಲಿ ಸೀಸ ಇದ್ದರೆ ಧೂಳಿನ ಜೊತೆ ಮನೆಯೆಲ್ಲ ಸೇರುತ್ತೆ. ನೀರು ಹಚ್ಚಿ ಉಜ್ಜಿಸಿದೆವು. ಮಗ ನಾಲ್ಕು ದಿನ ಅಜ್ಜಿ ಮನೆಯಲ್ಲಿದ್ದ.

ಕೊನೆಗೆ 4,000ದಲ್ಲಿ ಅರ್ಧ ಓನರ್, ಅರ್ಧ ನಾನು. ಜೊತೆಗೆ, ಎರಡು ವರ್ಷದೊಳಗೆ ಮನೆ ಬಿಟ್ಟರೂ ಪೇಂಟಿಂಗ್‌ಗೆ ಅಂತ ಅರ್ಧ ತಿಂಗಳ ಬಾಡಿಗೆ ಮಾತ್ರ ಹಿಡಿಯಬೇಕು ಅಂತ ಅಗ್ರಿಮೆಂಟಲ್ಲಿ ಒಂದು ಸಾಲು ಸೇರಿಸಿದರು. ಬಣ್ಣ ಮಾತ್ರ ಅವರು ಹೇಳಿದ್ದೇ, ಕ್ರೀಮ್. ನನಗೆ ಕಡು ಹಸಿರು ಆಸೆ ಇತ್ತು. ಆದರೆ ಅಂಗಡಿಯಲ್ಲಿ ಕಡು ಬಣ್ಣಕ್ಕೆ ಸೇರಿಸುವ ಟಿಂಟರ್‌ನಿಂದಲೂ ವಿಒಸಿ ಏರಬಹುದಂತೆ. ಹಾಗಾಗಿ ಕ್ರೀಮ್‌ಗೆ ನಾನೂ ತಕರಾರು ಮಾಡಲಿಲ್ಲ.

ನಮಸ್ಕಾರ.