ಟೋಕಿಯೊಗೆ ಇಬ್ಬರೇ ಹೊರಟರೆ

ಕೇಳುಗರಿಗೆ ನಮಸ್ಕಾರ. ಮದುವೆಯಾದ ಹೊಸದರಲ್ಲೋ, ಆಗುವುದಕ್ಕೆ ಮುಂಚೆಯೋ, ಇಬ್ಬರೇ ಒಂದು ವಾರ ಟೋಕಿಯೊ ನೋಡಿಕೊಂಡು ಬರೋಣ ಅನ್ನುವವರಿಗಾಗಿ ಈ ಮಾತು. ಬೆಂಗಳೂರಿನಿಂದ ನರಿತಾ ನಿಲ್ದಾಣಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ, ಹಾಗಾಗಿ ಹೋಗುವುದೇನೂ ಕಷ್ಟವಲ್ಲ. ಏನೇನು ನೋಡಬೇಕು ಅನ್ನುವ ಪಟ್ಟಿಯೂ ಎಲ್ಲರ ಫೋನಿನಲ್ಲಿ ಸಿಗುತ್ತದೆ. ಪಟ್ಟಿಯಲ್ಲಿ ಇರದ ಸಂಗತಿ ಒಂದಿದೆ. ಟೋಕಿಯೊ ತಲೆಲೆಕ್ಕದ ಊರು. ರೈಲಿನ ಕಾರ್ಡು ಒಬ್ಬರಿಗೊಂದು, ಊಟದ ಕುರ್ಚಿ ಒಬ್ಬರಿಗೊಂದು, ಹೋಟೆಲ್ ಬಾಡಿಗೆಯೂ ಎಷ್ಟು ಜನ ಅನ್ನುವುದರ ಮೇಲೆ. ಜೋಡಿಯಾಗಿ ಹೋದವರು ಎಡವುವುದು ಇಲ್ಲೇ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ವೀಸಾ ಅರ್ಜಿ ಇಬ್ಬರದೂ ಬೇರೆ ಬೇರೆ. ಗಂಡ ಹೆಂಡತಿಯಾದರೆ ಒಬ್ಬರ ಖರ್ಚನ್ನು ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದು ಮದುವೆಯ ದಾಖಲೆ ಕೊಟ್ಟು ತೋರಿಸಬಹುದು. ಮದುವೆಯಾಗದವರು ತಮ್ಮ ತಮ್ಮ ಬ್ಯಾಂಕ್ ಲೆಕ್ಕ, ಆದಾಯ ತೆರಿಗೆ ರಿಟರ್ನ್ಸ್ ಕೊಡುವುದೇ ನೇರ ದಾರಿ. ಪ್ರವಾಸದ ದಿನಚರಿ ಮಾತ್ರ ಇಬ್ಬರ ಅರ್ಜಿಯಲ್ಲೂ ಒಂದೇ ಇರಲಿ. ವಿಮಾನ ಹತ್ತುವ ಮೊದಲೇ ಅಲ್ಲಿನ ಸರ್ಕಾರದ ಜಾಲತಾಣ ವಿಸಿಟ್ ಜಪಾನ್ ವೆಬ್‌ನಲ್ಲಿ ವಿವರ ತುಂಬಿ ಕ್ಯೂಆರ್ ಕೋಡ್ ಇಟ್ಟುಕೊಳ್ಳಿ. ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಟ್ಟು ತಿರುಗುವಂತಿಲ್ಲ, ಪ್ರವಾಸಿಗಳು ಅದನ್ನು ಸದಾ ಜೊತೆಯಲ್ಲಿ ಇಟ್ಟುಕೊಂಡಿರಬೇಕು ಎಂಬುದು ಅಲ್ಲಿನ ಕಾನೂನು.

ಪೆಟ್ಟಿಗೆಗೆ ತುಂಬುವಾಗ ಎರಡು ಸಾಮಾನಿನ ಮೇಲೆ ಕಣ್ಣಿರಲಿ. ಒಂದು, ನೆಗಡಿ ಮಾತ್ರೆ. ಸ್ಯೂಡೋಎಫೆಡ್ರಿನ್ ಶೇಕಡ 10ಕ್ಕಿಂತ ಹೆಚ್ಚಿರುವ ಔಷಧ ಜಪಾನಿನಲ್ಲಿ ನಿಷಿದ್ಧ. ಕೊಡೀನ್ ಇರುವ ಕೆಮ್ಮಿನ ಸಿರಪ್ಪನ್ನೂ ಮನೆಯಲ್ಲೇ ಬಿಡಿ. ಎರಡನೆಯದು, ಉಪ್ಪಿಟ್ಟು ಮಾಡಿಕೊಳ್ಳೋಣ ಎಂದು ಒಯ್ಯುವ ಎಲೆಕ್ಟ್ರಿಕ್ ಕೆಟಲ್. ನಮ್ಮಲ್ಲಿ ವಿದ್ಯುತ್ 230 ವೋಲ್ಟ್, ಅಲ್ಲಿ 100. ವೋಲ್ಟೇಜ್ ಅರ್ಧಕ್ಕಿಂತ ಕೆಳಗಿಳಿದರೆ ಕಾವು ಅರ್ಧಕ್ಕೆ ನಿಲ್ಲುವುದಿಲ್ಲ, ಐದನೇ ಒಂದು ಪಾಲಿಗೆ ಬೀಳುತ್ತದೆ. ಇಲ್ಲಿ 1500 ವ್ಯಾಟ್ ಕೊಡುವ ಕೆಟಲ್ ಅಲ್ಲಿ 300 ವ್ಯಾಟನ್ನೂ ಕೊಡದು. ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳಿಗೆ ಈ ತಾಪತ್ರಯವಿಲ್ಲ, ಚಪ್ಪಟೆ ಎರಡು ಕಡ್ಡಿಯ ಅಡಾಪ್ಟರ್ ಸಾಕು. ನೀರು ಕಾಯಿಸಲು ಹೆಚ್ಚಿನ ಹೋಟೆಲ್ ರೂಮಿನಲ್ಲಿ ಅವರದೇ ಕೆಟಲ್ ಇರುತ್ತದೆ.

ಈಗ ರೂಮು. ಬುಕಿಂಗ್ ಮಾಡುವಾಗ ‘ಸೆಮಿ ಡಬಲ್’ ಎಂಬುದು ಅಗ್ಗವಾಗಿ ಕಾಣುತ್ತದೆ. ಅದರ ಮಂಚದ ಅಗಲ ಸುಮಾರು 120 ಸೆಂಟಿಮೀಟರ್, ಅಂದರೆ ನಾಲ್ಕಡಿ. ಒಬ್ಬರು ಹೊರಳಿದರೆ ಇನ್ನೊಬ್ಬರು ನೆಲಕ್ಕೆ. ‘ಡಬಲ್’ ಅಂದರೂ ಬಹಳ ಕಡೆ 140 ಸೆಂಟಿಮೀಟರ್ ಅಷ್ಟೇ. ‘ಟ್ವಿನ್’ ಅಂದರೆ ಎರಡು ಬಿಡಿ ಮಂಚ. ಪ್ರೇಮಿಗಳಿಗೆ ಹೆಸರು ಕೇಳಿದರೆ ಬೇಸರವಾದೀತು, ಆದರೆ ದಿನಕ್ಕೆ ಹದಿನೈದು ಸಾವಿರ ಹೆಜ್ಜೆ ನಡೆದು ಬಂದವರಿಗೆ ನಿದ್ದೆ ಬರುವುದು ಟ್ವಿನ್ನಿನಲ್ಲೇ. ಮಂಚಕ್ಕಿಂತ ಮುಖ್ಯವಾದ ಅಂಕಿ ರೂಮಿನ ವಿಸ್ತೀರ್ಣ. ಸಾಮಾನ್ಯ ಬಿಸಿನೆಸ್ ಹೋಟೆಲಿನ ಚಿಕ್ಕ ರೂಮು 12 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 130 ಚದರ ಅಡಿ, ಅದೂ ಬಚ್ಚಲು ಸೇರಿ. ಅಷ್ಟರಲ್ಲಿ ಎರಡು ದೊಡ್ಡ ಸೂಟ್‌ಕೇಸ್ ಒಟ್ಟಿಗೆ ಬಿಚ್ಚಲು ನೆಲವೇ ಸಿಗುವುದಿಲ್ಲ. ಒಬ್ಬರದು ಮುಚ್ಚಿ ನಿಲ್ಲಿಸಿದ ಮೇಲೆ ಇನ್ನೊಬ್ಬರದು ತೆರೆಯಬೇಕು, ಬೆಳಿಗ್ಗೆ ಹೊರಡುವ ಹೊತ್ತಿಗೆ ಮೊದಲ ಕಿರಿಕಿರಿ ಶುರುವಾಗುವುದು ಹೀಗೆ. 18 ಚದರ ಮೀಟರ್ ಮೇಲ್ಪಟ್ಟಿದ್ದನ್ನು ಹುಡುಕಿ. ಆಗದಿದ್ದರೆ ಇಬ್ಬರಿಗೂ ಸೇರಿ ಒಂದು ದೊಡ್ಡದು, ಒಂದು ಕೈಚೀಲ, ಇಷ್ಟೇ ಒಯ್ಯಿರಿ.

ಬುಕಿಂಗ್‌ನಲ್ಲಿ ‘ಇಬ್ಬರು’ ಎಂದೇ ಹಾಕಿ. ಒಬ್ಬರ ದರ ಕೊಟ್ಟು ಇಬ್ಬರು ಉಳಿದುಕೊಳ್ಳುವ ಜಾಣತನ ಅಲ್ಲಿ ನಡೆಯದು, ಚೆಕ್ ಇನ್ ವೇಳೆ ಎರಡು ಪಾಸ್‌ಪೋರ್ಟ್ ಕೇಳುತ್ತಾರೆ. ಮದುವೆ ಆಗಿದೆಯೋ ಇಲ್ಲವೋ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಚೆಕ್ ಇನ್ ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ. ವಿಮಾನ ಬೆಳಿಗ್ಗೆ ಇಳಿದರೆ ಬ್ಯಾಗು ಕೌಂಟರಿನಲ್ಲಿ ಬಿಟ್ಟು ಹೊರಗೆ ತಿರುಗಬಹುದು. ಯಾವ ಬಡಾವಣೆ ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ ಸ್ಟೇಷನ್ನಿನಿಂದ ಏಳು ನಿಮಿಷದೊಳಗಿನ ನಡಿಗೆ ಇದೆಯೇ ನೋಡಿ. ಮೊದಲ ಸಲ ಹೋಗುವವರಿಗೆ ನನ್ನ ಆಯ್ಕೆ ಉಯೆನೊ. ನರಿತಾದಿಂದ ಸ್ಕೈಲೈನರ್ ರೈಲು ನೇರ ಅಲ್ಲಿಗೇ ಬಂದು ನಿಲ್ಲುತ್ತದೆ, ಮುಕ್ಕಾಲು ಗಂಟೆಯೊಳಗೆ. ನರಿತಾ ಊರಿನಿಂದ 60 ಕಿಲೋಮೀಟರ್ ದೂರ, ಟ್ಯಾಕ್ಸಿಯ ಯೋಚನೆ ಬೇಡ.

ರೈಲಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಸುಯಿಕಾ ಅಥವಾ ಪಾಸ್ಮೊ, ಯಾವುದಾದರೊಂದು ಕಾರ್ಡು ಸಾಕು, ಊರಿನ ಹೆಚ್ಚುಕಡಿಮೆ ಎಲ್ಲ ರೈಲು, ಬಸ್ಸಿಗೂ ನಡೆಯುತ್ತದೆ. ಪ್ರವಾಸಿಗಳಿಗೆಂದೇ ಇರುವ ವೆಲ್ಕಮ್ ಸುಯಿಕಾಕ್ಕೆ ಠೇವಣಿ ಇಲ್ಲ, 28 ದಿನ ಬಾಳುತ್ತದೆ, ಉಳಿದ ಹಣ ಮಾತ್ರ ವಾಪಸ್ ಇಲ್ಲ. ಕಾರ್ಡು ಎರಡು ಬೇಕೇ ಬೇಕು. ಒಳಗೆ ಬಂದ ದಾಖಲೆ ಕಾರ್ಡಿನೊಳಗೇ ಬರೆದಿರುತ್ತದೆ. ಒಬ್ಬರು ದಾಟಿ, ಅದೇ ಕಾರ್ಡನ್ನು ಹಿಂದಕ್ಕೆ ಕೊಟ್ಟರೆ ಗೇಟು ಕೆಂಪಾಗಿ ಮುಚ್ಚಿಕೊಳ್ಳುತ್ತದೆ, ಹಿಂದೆ ಸಾಲು ಬೆಳೆಯುತ್ತದೆ. ಐಫೋನ್ ಇದ್ದರೆ ಕಾರ್ಡನ್ನು ಫೋನಿನಲ್ಲೇ ಇಟ್ಟುಕೊಳ್ಳಬಹುದು. ಆದರೆ ಹಣ ತುಂಬಲು ನಮ್ಮ ಬ್ಯಾಂಕಿನ ಕಾರ್ಡನ್ನು ನಂಬಿ ಹೋಗಬೇಡಿ, ಸೆವೆನ್ ಇಲೆವೆನ್‌ನಂಥ ಅಂಗಡಿಯ ಕೌಂಟರಿನಲ್ಲಿ ನಗದು ಕೊಟ್ಟು ತುಂಬಿಸಿ. ಇಲ್ಲಿ ಕೊಂಡ ಆಂಡ್ರಾಯ್ಡ್ ಫೋನಿನಲ್ಲಿ ಅವರ ಪಾವತಿ ಚಿಪ್‌ನ ವ್ಯವಸ್ಥೆ ಇರುವುದಿಲ್ಲ. ಅಂಥ ಫೋನಿನವರಿಗೆ ಪ್ಲಾಸ್ಟಿಕ್ ಕಾರ್ಡೇ ಗತಿ. ನಗದು ಬೇಕಾದಾಗ ಸೆವೆನ್ ಬ್ಯಾಂಕಿನ ಎಟಿಎಂ ವಿದೇಶಿ ಕಾರ್ಡು ತೆಗೆದುಕೊಳ್ಳುತ್ತದೆ. ಲೆಕ್ಕ ರೂಪಾಯಿಯಲ್ಲೋ ಯೆನ್‌ನಲ್ಲೋ ಎಂದು ಎಲ್ಲಾದರೂ ಕೇಳಿದರೆ ಯೆನ್ ಒತ್ತಿ. ರೂಪಾಯಿ ಒತ್ತಿದವರಿಗೆ ವಿನಿಮಯ ದರದಲ್ಲಿ ಪೆಟ್ಟು ಬೀಳುತ್ತದೆ.

ಇಂಟರ್ನೆಟ್ಟೂ ಅಷ್ಟೇ, ತಲೆಗೊಂದು. ದುಡ್ಡು ಉಳಿಯಲಿ ಎಂದು ಇಬ್ಬರಿಗೂ ಸೇರಿ ಒಂದು ಪಾಕೆಟ್ ವೈಫೈ ಬಾಡಿಗೆಗೆ ತೆಗೆದುಕೊಳ್ಳುವವರಿದ್ದಾರೆ. ಇಬ್ಬರೂ ಅಂಟಿಕೊಂಡೇ ಇರುವ ತನಕ ಅದು ಸರಿ. ತಪ್ಪಿಸಿಕೊಂಡ ಗಳಿಗೆಯಲ್ಲಿ ಪೆಟ್ಟಿಗೆ ಯಾರ ಚೀಲದಲ್ಲಿದೆಯೋ ಅವರಿಗೆ ಮಾತ್ರ ನಕ್ಷೆ, ಇನ್ನೊಬ್ಬರ ಫೋನು ಮೂಕ. ಎರಡು ಇ-ಸಿಮ್ ಹಾಕಿಸಿ.

ತಪ್ಪಿಸಿಕೊಳ್ಳುವುದು ಎಷ್ಟು ಸುಲಭ ಅಂದರೆ, ಶಿಂಜುಕು ಸ್ಟೇಷನ್ ಒಂದಕ್ಕೇ 200ಕ್ಕೂ ಹೆಚ್ಚು ದ್ವಾರಗಳಿವೆ. ‘ಪಶ್ಚಿಮದ ಕಡೆ ಸಿಗೋಣ’ ಅಂದರೆ ಏನನ್ನೂ ಹೇಳಿದಂತಾಗಲಿಲ್ಲ, ಅಲ್ಲಿ ಬೇರೆ ಬೇರೆ ರೈಲು ಕಂಪನಿಗಳ ಗೇಟುಗಳು ಇವೆ. ಕಂಪನಿಯ ಹೆಸರು, ಗೇಟಿನ ಹೆಸರು ಎರಡನ್ನೂ ಹೇಳಿಕೊಳ್ಳಿ. ಮೆಟ್ರೊ ಆದರೆ ಎ3, ಬಿ5 ಎನ್ನುವಂಥ ದ್ವಾರದ ಸಂಖ್ಯೆ. ಬಾಗಿಲು ಮುಚ್ಚಿ ಒಬ್ಬರು ರೈಲಿನಲ್ಲಿ, ಒಬ್ಬರು ಪ್ಲಾಟ್‌ಫಾರ್ಮಿನಲ್ಲಿ ಉಳಿದರೆ ಏನು ಮಾಡುವುದೆಂದು ಊರು ಬಿಡುವ ಮೊದಲೇ ಮಾತಾಡಿಕೊಳ್ಳಿ. ರೈಲಿನಲ್ಲಿದ್ದವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ನಿಲ್ಲುವುದು, ಉಳಿದವರು ಹಿಂದೆಯೇ ಬರುವ ರೈಲಿನಲ್ಲಿ ಅದೇ ಬಾಗಿಲ ಸಂಖ್ಯೆಯಿಂದ ಬರುವುದು. ಇಬ್ಬರೂ ಓಡಾಡಿದರೆ ಒಬ್ಬರನ್ನೊಬ್ಬರು ಹುಡುಕುತ್ತಲೇ ಗಂಟೆ ಕಳೆಯುತ್ತದೆ. ಹಾಗೆ ಹತ್ತುವ ರೈಲು ಆ ಸ್ಟೇಷನ್ನಿನಲ್ಲಿ ನಿಲ್ಲುತ್ತದೆಯೇ ಎಂದೂ ನೋಡಿ, ಎಕ್ಸ್‌ಪ್ರೆಸ್ ಆದರೆ ನಾಲ್ಕೈದು ಸ್ಟೇಷನ್ ಹಾರಿಸಿಬಿಡುತ್ತದೆ.

ವಾರದ ದಿನ ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ರೈಲು ಹತ್ತದಿದ್ದರೆ ಒಳ್ಳೆಯದು. ಆ ಹೊತ್ತಿನಲ್ಲಿ ಹಲವು ಮಾರ್ಗಗಳಲ್ಲಿ ಒಂದು ಬೋಗಿ ಹೆಂಗಸರಿಗೆ ಮೀಸಲು. ಪ್ಲಾಟ್‌ಫಾರ್ಮಿನ ನೆಲದ ಮೇಲೆ ಗುಲಾಬಿ ಬಣ್ಣದ ಗುರುತಿರುತ್ತದೆ, ಅಲ್ಲಿ ಜೋಡಿಯಾಗಿ ನಿಲ್ಲಬೇಡಿ. ರಾತ್ರಿಯ ಕಡೇ ರೈಲು ಹನ್ನೆರಡರಿಂದ ಒಂದರೊಳಗೆ ಮುಗಿಯುತ್ತದೆ. ಆಮೇಲೆ ಟ್ಯಾಕ್ಸಿ. ಮೊದಲ ಒಂದು ಕಿಲೋಮೀಟರಿಗೆ 500 ಯೆನ್ ಅಷ್ಟೇ ಎಂದು ಹಿಗ್ಗಬೇಡಿ, ಮೀಟರ್ ಬೇಗ ಏರುತ್ತದೆ, ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಶೇಕಡ 20 ಹೆಚ್ಚು ಬೇರೆ.

ಜಗಳವಾಗುವ ಇನ್ನೊಂದು ಜಾಗ ಹೊಟ್ಟೆ. ನಿಮ್ಮಲ್ಲಿ ಒಬ್ಬರು ಸಸ್ಯಾಹಾರಿಯಾದರೆ ಇದನ್ನು ಗಮನವಿಟ್ಟು ಕೇಳಿ. ಜಪಾನೀ ಅಡುಗೆಯ ತಳದಲ್ಲಿ ‘ದಾಶಿ’ ಎಂಬ ಸಾರು ಇರುತ್ತದೆ. ಸಾಮಾನ್ಯವಾಗಿ ಅದು ಒಣಗಿಸಿದ ಮೀನಿನ ಚಕ್ಕೆಯಿಂದ ಇಳಿಸಿದ್ದು. ಮಿಸೊ ಸೂಪ್, ಉದೊನ್ ಶ್ಯಾವಿಗೆಯ ಸಾರು, ಬಜ್ಜಿಯಂಥ ತರಕಾರಿ ತೆಂಪುರಾ ಅದ್ದಿಕೊಳ್ಳುವ ರಸ, ಬೇಯಿಸಿದ ಪಲ್ಯ, ಎಲ್ಲದರಲ್ಲೂ ಅದೇ. ಕಣ್ಣಿಗೆ ಮೀನು ಕಾಣದ ಕಾರಣ ಬಡಿಸುವವರಿಗೂ ಇದು ಮೀನು ಅನ್ನಿಸುವುದಿಲ್ಲ. ‘ವೆಜಿಟೇರಿಯನ್’ ಅಂದರೆ ತಲೆಯಾಡಿಸಿ ದಾಶಿ ಹಾಕಿದ್ದನ್ನೇ ತಂದಿಡುತ್ತಾರೆ. ಹಾಗಾಗಿ ‘ಮಾಂಸ, ಮೀನು, ಮೀನಿನ ದಾಶಿ ಯಾವುದೂ ಬೇಡ’ ಎಂದು ಜಪಾನೀ ಲಿಪಿಯಲ್ಲಿ ಫೋನಿನಲ್ಲಿ ಬರೆದಿಟ್ಟುಕೊಂಡು ಕೂರುವ ಮೊದಲೇ ತೋರಿಸಿ. ಟೋಕಿಯೊ ಸ್ಟೇಷನ್ನಿನ ಗೇಟಿನೊಳಗೇ ಟೀಸ್ ತಾನ್‌ತಾನ್ ಎಂಬ ರಾಮೆನ್, ಅಂದರೆ ಸಾರಿನಲ್ಲಿ ಹಾಕಿಕೊಡುವ ಶ್ಯಾವಿಗೆಯ ಅಂಗಡಿ ಇದೆ, ಅಲ್ಲಿ ಹಾಲು ಮೊಟ್ಟೆಯೂ ಇಲ್ಲದ ಶುದ್ಧ ಸಸ್ಯಾಹಾರ. ಅನ್ನ ಸಾರು ನೆನಪಾಗಿ ಸೋತರೆ ಎದೊಗಾವಾ ವಾರ್ಡಿನ ನಿಶಿ ಕಸಾಯಿಗೆ ಹೋಗಿ. ಭಾರತೀಯ ಐಟಿ ಕುಟುಂಬಗಳು ನೆಲೆಸಿರುವ ಜಾಗ, ನಮ್ಮ ಊಟವೂ ದಿನಸಿಯೂ ಸಿಗುತ್ತದೆ.

ಎಲ್ಲ ತಿನ್ನುವವರಿಗೂ ಒಂದು ಮಾತು. ಚಿಕ್ಕ ರಾಮೆನ್ ಅಂಗಡಿಯಲ್ಲಿ ಎಂಟು ಹತ್ತು ಕುರ್ಚಿ ಇದ್ದರೆ ಹೆಚ್ಚು. ಬಾಗಿಲ ಬಳಿಯ ಯಂತ್ರಕ್ಕೆ ದುಡ್ಡು ಹಾಕಿ ಟಿಕೆಟ್ ತೆಗೆಯಬೇಕು, ಒಬ್ಬರಿಗೊಂದು. ಒಂದೇ ಬಟ್ಟಲು ತರಿಸಿ ಇಬ್ಬರು ಹಂಚಿಕೊಂಡರೆ ಅವರ ಒಂದು ಕುರ್ಚಿಯ ವ್ಯಾಪಾರ ಹೋದಂತೆ, ಕೆಲವರು ಬೇಡ ಎಂದೇ ಹೇಳುತ್ತಾರೆ. ಹಂಚಿ ತಿನ್ನುವ ಆಸೆಗೆ ಇಜಾಕಾಯಾ, ಅಂದರೆ ಕುಡಿಯುತ್ತಾ ತಿನ್ನುವ ಅಂಗಡಿ, ಸರಿ, ಅಲ್ಲಿ ಚಿಕ್ಕ ತಟ್ಟೆಗಳೇ ಬರುವುದು. ಕೇಳದೆ ತಂದಿಟ್ಟ ಪುಟ್ಟ ಬಟ್ಟಲಿಗೆ ತಲೆಗೆ 300ರಿಂದ 500 ಯೆನ್ ಬಿಲ್ಲಿನಲ್ಲಿ ಕಾಣುತ್ತದೆ. ಮೋಸವಲ್ಲ, ಅದು ಕೂತಿದ್ದಕ್ಕೆ ಕೊಡುವ ಬಾಡಿಗೆ. ಟಿಪ್ಸ್ ಮಾತ್ರ ಎಲ್ಲೂ ಕೊಡಬೇಡಿ.

ಮುಂಗಡ ಟಿಕೆಟ್ ಬೇಕಾದವು ಬಹಳವಿಲ್ಲ. ಮಿತಾಕಾದಲ್ಲಿರುವ, ಆನಿಮೇಷನ್ ಚಿತ್ರಗಳ ಘಿಬ್ಲಿ ಮ್ಯೂಸಿಯಂಗೆ ಬಾಗಿಲಲ್ಲಿ ಟಿಕೆಟ್ ಇಲ್ಲ. ಪ್ರತಿ ತಿಂಗಳ 10ರಂದು ಮುಂದಿನ ತಿಂಗಳ ಟಿಕೆಟ್ ಬಿಡುತ್ತಾರೆ, ಅವರ ಬೆಳಿಗ್ಗೆ 10 ಅಂದರೆ ನಮ್ಮ ಆರೂವರೆ. ಮೇಲಿಂದ ಊರು ನೋಡುವ ತಾರಸಿ ಶಿಬುಯಾ ಸ್ಕೈಯಲ್ಲಿ ಸೂರ್ಯ ಮುಳುಗುವ ಹೊತ್ತಿನ ಟಿಕೆಟ್ ಮೊದಲು ಖಾಲಿಯಾಗುತ್ತದೆ. ಸಿಗದಿದ್ದರೆ ಕೊರಗಬೇಡಿ. ಶಿಂಜುಕುವಿನ ಟೋಕಿಯೊ ಸರ್ಕಾರಿ ಕಚೇರಿಯ 45ನೇ ಮಹಡಿ, 202 ಮೀಟರ್ ಎತ್ತರ, ಪೂರ್ತಿ ಪುಕ್ಕಟೆ. ತೊಯೊಸುವಿನ ಡಿಜಿಟಲ್ ಕಲಾ ಪ್ರದರ್ಶನ ಟೀಮ್‌ಲ್ಯಾಬ್ ಪ್ಲಾನೆಟ್ಸ್‌ನಲ್ಲಿ ಬರಿಗಾಲಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆಯಬೇಕು, ಕೆಲವು ಕಡೆ ನೆಲವೆಲ್ಲ ಕನ್ನಡಿ. ಸೀರೆ, ಲಂಗ ಬೇಡ, ಮಡಚಿ ಏರಿಸಬಹುದಾದ ಪ್ಯಾಂಟ್ ಹಾಕಿಕೊಳ್ಳಿ.

ಕಿಚಿಜೋಜಿಯ ಇನೊಕಾಶಿರಾ ಉದ್ಯಾನದಲ್ಲಿ ಹಂಸದಾಕಾರದ ದೋಣಿಗಳಿವೆ. ಅಲ್ಲಿನ ಕೆರೆಯ ಗುಡಿ ಬೆನ್‌ಜೈತೆನ್ ದೇವಿಯದು, ಅಂದರೆ ಬೌದ್ಧಧರ್ಮದ ಜೊತೆ ಅಲ್ಲಿಗೆ ಹೋದ ನಮ್ಮ ಸರಸ್ವತಿಯೇ. ಆಕೆಗೆ ಹೊಟ್ಟೆಕಿಚ್ಚು, ದೋಣಿ ಹತ್ತಿದ ಪ್ರೇಮಿಗಳು ಬೇರೆಯಾಗುತ್ತಾರೆ ಎಂದು ಟೋಕಿಯೊದವರು ಹೇಳುತ್ತಾರೆ. ಹೇಳುತ್ತಲೇ ಭಾನುವಾರ ಸಾಲಾಗಿ ನಿಂತು ಹತ್ತುತ್ತಾರೆ ಕೂಡ.

ಬಿಸಿನೀರಿನ ಸ್ನಾನಕ್ಕೆ ಹೋಗುವುದಾದರೆ, ಅಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಬಟ್ಟೆ ಪೂರ್ತಿ ತೆಗೆದು, ಕೂತು ಸೋಪಿನಲ್ಲಿ ಮೈ ತೊಳೆದ ಮೇಲೆಯೇ ತೊಟ್ಟಿಗೆ ಇಳಿಯಬೇಕು. ಟೋಕಿಯೊದ ಸಾಮಾನ್ಯ ಸ್ನಾನಗೃಹ, ಸೆಂತೊ, 2024ರ ಆಗಸ್ಟ್‌ನಿಂದ 550 ಯೆನ್. ಒಳಗೆ ಫೋನ್ ಒಯ್ಯುವಂತಿಲ್ಲ, ಆದ್ದರಿಂದ ಎಷ್ಟು ಹೊತ್ತಿಗೆ ಹೊರಗೆ ಬರುವುದು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಜೊತೆಯಾಗಿಯೇ ಮೀಯಬೇಕು ಎಂದಿದ್ದರೆ ಬಿಸಿನೀರಿನ ಬುಗ್ಗೆಗಳ ಊರು ಹಕೊನೆಗೆ ಹೋಗಿ, ‘ಕಾಶಿಕಿರಿ’ ಎಂದು ಕೇಳಿ, ಗಂಟೆ ಲೆಕ್ಕದಲ್ಲಿ ಇಬ್ಬರಿಗೇ ಬಿಡುವ ತೊಟ್ಟಿ ಅದು. ಶಿಂಜುಕುವಿನಿಂದ ಒಂದೂವರೆ ಗಂಟೆಯ ದಾರಿ, ರೈಲಿನ ಹೆಸರೇ ರೊಮಾನ್ಸ್‌ಕಾರ್. ಸೀಟು ಕಾದಿರಿಸದೆ ಹತ್ತುವಂತಿಲ್ಲ.

ಹೊರಡುವ ಹಿಂದಿನ ದಿನ ಜೇಬಿನ ನಾಣ್ಯ ಎಣಿಸಿ. ನೋಟು ಬದಲಿಸುವ ಅಂಗಡಿಗಳು ನಾಣ್ಯ ಮುಟ್ಟುವುದಿಲ್ಲ. ಅಂಗಡಿಯಲ್ಲಿ ಸುಯಿಕಾದಲ್ಲಿ ಉಳಿದಷ್ಟನ್ನು ಮೊದಲು ಕಳೆದುಕೊಂಡು ಬಾಕಿಯನ್ನು ನಗದಿನಲ್ಲಿ ತೆಗೆದುಕೊಳ್ಳಿ ಅಂದರೆ ಒಪ್ಪುತ್ತಾರೆ, ಎರಡೂ ಕಾರ್ಡು ಹಾಗೆ ಬರಿದು ಮಾಡಿಕೊಳ್ಳಬಹುದು. ನರಿತಾಗೆ ವಾಪಸ್ ಹೋಗುವ ರೈಲಿನ ದುಡ್ಡು ಮಾತ್ರ ತೆಗೆದಿಟ್ಟಿರಿ. ನಮಸ್ಕಾರ.